ಮಡಿಕೆ ಬಿಚ್ಚದ ಕಾರು

ನಿಮ್ಮ ಯಜಮಾನರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ, ಸ್ಮರಣ ಸಂಚಿಕೆಯಲ್ಲಿ ಫೋಟೋ ಸಮೇತ ಹಾಕುತ್ತೇವೆ ಎಂದು ಬಟ್ಟೆ ವರ್ತಕರ ಸಂಘದವರು ಮನೆಗೆ ಬಂದು ಕೇಳಿ ಹೋದರು. ಕಾಫಿ ಕುಡಿದರು, ಕೋಡುಬಳೆ ತಿಂದರು, ‘ಎಂಥಾ ದೊಡ್ಡ ಜೀವ ತಾಯಿ’ ಎಂದು ನಿಟ್ಟುಸಿರು ಬಿಟ್ಟರು. ನಾನು ಆಗಲಿ ಎಂದೆ. ಅವರು ಹೋದ ಮೇಲೆ ಕೂತು ಯೋಚಿಸಿದೆ. ನಾಲ್ಕು ಸಿಗಲಿಲ್ಲ. ಹಾಗಾಗಿ ಸಿಕ್ಕಿದ್ದನ್ನು ಬರೆಯುತ್ತಿದ್ದೇನೆ. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಹೆಸರು ಕೊಟ್ರಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನನಗೆ ಕಲಿಸಿದ್ದರು. ಅವನು ಬದುಕಿದ್ದಷ್ಟು ದಿನ ‘ರೀ’, ‘ಏನೂಂದ್ರೆ’ ಎಂದು ಕರೆದದ್ದು ಸಾಕು. ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ. ಊರು ಹರಪನಹಳ್ಳಿ ಕಡೆ. ಮೀಸೆ ಮೂಡುವ ಮೊದಲೇ ಬೆಂಗಳೂರಿಗೆ ಬಂದು ಚಿಕ್ಕಪೇಟೆಯ ಒಂದು ಅಂಗಡಿಯಲ್ಲಿ ಬಟ್ಟೆಯ ಥಾನು ಹೊತ್ತ. ಅಲ್ಲಿ ಅಟ್ಟದ ಮೇಲಿಂದ ಕಬ್ಬಿಣದ ಗಜಕಡ್ಡಿ ಜಾರಿ ಹಣೆಗೆ ಬಿದ್ದು, ಎಡ ಹುಬ್ಬಿನ ಮೇಲೆ ಬೆರಳ ತುದಿ ಕೂರುವಷ್ಟು ತಗ್ಗು ಉಳಿಯಿತು. ಆ ತಗ್ಗನ್ನು ಮುಟ್ಟಿ ತೋರಿಸಿ, ‘ನನ್ನ ವಿದ್ಯೆ ಒಳಗೆ ಹೋಗಿದ್ದು ಇಲ್ಲಿಂದ’ ಎಂದು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದ. ಆಮೇಲೆ ಅದೇ ಬೀದಿಯಲ್ಲಿ ಸ್ವಂತ ಅಂಗಡಿ ತೆರೆದ.

ಅಂಗಡಿ ನಡೆದದ್ದು ಒಂದೇ ಒಂದು ಉಪಾಯದ ಮೇಲೆ. ದೀಪಾವಳಿ ಮುಗಿದ ಮೇಲೆ ದೊಡ್ಡ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಸೀರೆಗಳನ್ನು ಅರ್ಧ ಬೆಲೆಗೆ ಗಂಟು ಕಟ್ಟಿಸಿಕೊಂಡು ಬರುವುದು. ನುಸಿಗುಳಿಗೆ ಹಾಕಿ ಕಪಾಟಿನಲ್ಲಿಡುವುದು. ವೈಶಾಖದಲ್ಲಿ ಹಳ್ಳಿಯ ಕಡೆಯಿಂದ ಮದುವೆ ಜವಳಿಗೆ ಬಂದವರಿಗೆ, ಹೊಸ ಕಾಗದ ಸುತ್ತಿ, ಈ ವರ್ಷದ ಮಾಲು ಎಂದು ಮಾರುವುದು. ‘ಬಟ್ಟೆಗೆ ವಯಸ್ಸಾಗೋದು ಮಡಿಕೆ ಬಿಚ್ಚಿದ ಮೇಲೆ ಕಮಲಾ. ಬಿಚ್ಚದೆ ಇಟ್ರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೊಸದೇ’ ಎನ್ನುತ್ತಿದ್ದ. ಬಟ್ಟೆಯ ಮಟ್ಟಿಗೆ ಅವನ ಮಾತು ಸುಳ್ಳೇನಲ್ಲ. ಬಟ್ಟೆಯ ಮಟ್ಟಿಗೇ ನಿಂತಿದ್ದರೆ ನಾನು ಈ ಪೆನ್ನು ಹಿಡಿಯುತ್ತಿರಲಿಲ್ಲ.

ಮನೆಗೂ ಅದೇ ನಿಯಮ. ಫೆಬ್ರವರಿ ಬಂದ ಮೇಲೆ ಕ್ಯಾಲೆಂಡರು ಕೊಳ್ಳುವುದು. ಬುಟ್ಟಿ ಖಾಲಿ ಮಾಡುವ ಹೊತ್ತಿಗೆ ಹೋಗಿ ಮಾವಿನಹಣ್ಣು ತರುವುದು. ಜಯನಗರದಲ್ಲಿ ನಾವು ಮನೆ ಕಟ್ಟಿದ ಸೈಟು ಕೂಡ, ಒಂದು ಮೂಲೆ ಕತ್ತರಿಸಿಹೋಗಿದೆ, ವಾಸ್ತು ಸರಿಯಿಲ್ಲ ಎಂದು ಯಾರೋ ಬಿಟ್ಟುಹೋದದ್ದು. ನಾನೂ ಅದೇ ಸಾಲಿನವಳು. ಎರಡು ಕಡೆ ಮಾತುಕತೆ ಮುರಿದುಬಿದ್ದ ಹುಡುಗಿ ಶಿರಾದಲ್ಲಿ ಇದ್ದಾಳೆ ಎಂದು ತಿಳಿದುಕೊಂಡೇ ನನ್ನನ್ನು ನೋಡಲು ಬಂದಿದ್ದ. ಇದನ್ನು ಮದುವೆಯಾದ ಮೊದಲ ವಾರದಲ್ಲೇ ನಗುನಗುತ್ತಾ ನನಗೆ ಹೇಳಿದ. ನಗು ಬರಬೇಕಿತ್ತಂತೆ ನನಗೆ.

ಐವತ್ತೆಂಟನೇ ಇಸವಿಯಲ್ಲಿ ಊರಿನಲ್ಲೆಲ್ಲ ಹೊಸ ಅಂಬಾಸಿಡರ್ ಕಾರಿನ ಮಾತು. ಅದಕ್ಕೆ ಮುಂಚೆ ಬರುತ್ತಿದ್ದ ಲ್ಯಾಂಡ್‌ಮಾಸ್ಟರ್ ಕಾರನ್ನು ಕೇಳುವವರಿಲ್ಲದಂತಾಯಿತು. ಕಂಟೋನ್ಮೆಂಟ್ ಕಡೆಯ ಒಬ್ಬ ಕಾರು ವ್ಯಾಪಾರಿಯ ಷೆಡ್ಡಿನಲ್ಲಿ ಅಂಥದ್ದೊಂದು ಉಳಿದುಬಿಟ್ಟಿತ್ತು. ಐವತ್ತಾರರಲ್ಲಿ ತಯಾರಾದದ್ದು. ಯಾರೂ ಕೊಂಡಿರಲಿಲ್ಲ, ಯಾರೂ ಓಡಿಸಿರಲಿಲ್ಲ. ಕೆರೆಯ ಪಾಚಿಯ ಬಣ್ಣ. ಅದಕ್ಕೇ ಉಳಿದಿತ್ತೋ ಏನೋ. ಜಾಗ ಖಾಲಿಯಾದರೆ ಸಾಕೆಂದು ಅವನು ಬೆಲೆ ಇಳಿಸಿದ್ದ. ಉಳಿದ ಮಾಲು ಎಂದರೆ ಕೊಟ್ರಪ್ಪನ ಕಿವಿ ನೆಟ್ಟಗಾಗುತ್ತಿತ್ತು. ಓಡಿಹೋಗಿ ಕೊಂಡುಬಿಟ್ಟ.

ಕಾರು ಮನೆಗೆ ಬಂದ ದಿನ ನಾನು ರೇಷ್ಮೆ ಸೀರೆ ಉಟ್ಟು, ಮಗಳು ಉಮಾಗೆ ಜರಿ ಲಂಗ ತೊಡಿಸಿ, ತಟ್ಟೆಯಲ್ಲಿ ನಿಂಬೆಹಣ್ಣು ಕುಂಕುಮ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದೆ. ಬನಶಂಕರಿ ಗುಡಿಗೆ ಹೋಗಿ ಪೂಜೆ ಮಾಡಿಸಿಕೊಂಡು ಬರೋಣ ಎಂದುಕೊಂಡಿದ್ದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ಎಲ್ಲಿಗೆ ಹೊರಟಿದೀಯ?’

‘ಗುಡಿಗೆ. ಹೊಸ ಕಾರಲ್ವಾ?’

‘ಇದು ಹತ್ತೋಕಲ್ಲ ಕಮಲಾ, ಮಾರೋಕೆ! ಯಡಿಯೂರು, ಸಾರಕ್ಕಿ, ಉತ್ತರಹಳ್ಳಿ ಕಡೆ ನೋಡು, ಬಡಾವಣೆಗೆ ಜಮೀನು ಕೊಟ್ಟೋರ ಕೈಯಲ್ಲಿ ದುಡ್ಡು ಕುಣೀತಿದೆ. ಒಂದು ವರ್ಷ ಮಡಿಕೆ ಬಿಚ್ಚದೆ ಇಟ್ಟು, ಹೊಸ ಗಾಡಿ ಅಂತ ಹೊಸ ಗಾಡಿ ಬೆಲೆಗೇ ಕೊಟ್ಟುಬಿಡ್ತೀನಿ. ಮೀಟರ್ ನೋಡು, ಬರೀ ಒಂಬತ್ತು ಮೈಲಿ. ಅಲ್ಲಿಂದ ಇಲ್ಲಿಗೆ ಬಂದಿದ್ದು, ಅಷ್ಟೇ.’

ಮನೆಯ ಪಕ್ಕದಲ್ಲಿ ತಗಡಿನ ಷೆಡ್ಡು ಎಬ್ಬಿಸಿದ. ಟೈರು ನೆಲಕ್ಕೆ ತಾಗಬಾರದೆಂದು ಕಾರನ್ನು ಇಟ್ಟಿಗೆಯ ಮೇಲೆ ಕೂರಿಸಿದ. ಸೀಟಿನ ಸಂದಿಗೆಲ್ಲ ನುಸಿಗುಳಿಗೆ ತುರುಕಿದ. ಅಂಗಡಿಯಿಂದ ಮಾದರಪಾಟಿನ ಥಾನು ತಂದು, ದರ್ಜಿಯನ್ನು ಕರೆಸಿ ಅಳತೆ ತೆಗೆಸಿ, ಗವಸು ಹೊಲಿಸಿದ. ನನ್ನ ಮಗಳಿಗೆ ಆ ವರ್ಷ ಹಬ್ಬಕ್ಕೆ ಹೊಸ ಬಟ್ಟೆ ಇರಲಿಲ್ಲ, ಕಾರಿಗೆ ಇತ್ತು. ಉಮಾ ಒಂದು ದಿನ ಕದ್ದು ಒಳಗೆ ಕೂತು ಸ್ಟಿಯರಿಂಗ್ ಹಿಡಿದಳೆಂದು ಬೆನ್ನಿನ ಮೇಲೆ ಬಾರಿಸಿದ. ಮಗುವಿಗೆ ಆಗ ಆರು ವರ್ಷ.

ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ರಸ್ತೆಯಲ್ಲಿ ಪರಮಶಿವಯ್ಯ ಎಂಬುವರಿದ್ದರು, ಮಿಲಿಟರಿ ಲಾರಿ ಓಡಿಸಿ ನಿವೃತ್ತರಾದವರು. ಅವರು ಸೋಮವಾರ ಸೋಮವಾರ ಬಂದು ಎಂಜಿನ್ ಮಾತ್ರ ಚಾಲೂ ಮಾಡಿ, ಇಟ್ಟಿಗೆಯ ಮೇಲೆ ನಿಂತಿದ್ದ ಗಾಡಿಯನ್ನು ಸ್ವಲ್ಪ ಹೊತ್ತು ಗುರುಗುಟ್ಟಿಸಿ ಆರಿಸಬೇಕು. ಕೊಟ್ರಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು, ಜ್ವರ ನೋಡುವ ಡಾಕ್ಟರ ಹಾಗೆ ನಿಂತಿರುತ್ತಿದ್ದ. ‘ಕೊಟ್ರಪ್ನೋರೆ, ಒಂದ್ಸಲ ಕೆರೆ ತನಕ ಹೋಗಿ ಬರೋಣ, ಗಾಡಿಗೂ ಒಳ್ಳೇದು’ ಎಂದು ಅವರು ಪ್ರತಿ ಸಲ ಹೇಳುವರು. ಇವನು ಪ್ರತಿ ಸಲ ತಲೆ ಅಲ್ಲಾಡಿಸುವನು.

ಕೊಳ್ಳುವವರು ಬರಲಿಲ್ಲ ಎಂದಲ್ಲ. ಯಡಿಯೂರಿನ ಬೈರಣ್ಣ ಬಂದಿದ್ದರು. ಅವರ ರಾಗಿ ಹೊಲದ ಮೇಲೆಯೇ ನಮ್ಮ ಬೀದಿಯ ಮನೆಗಳೆಲ್ಲ ನಿಂತಿದ್ದವು. ಪರಿಹಾರದ ಹಣ ಬಂದಿತ್ತು, ಕಾರು ಬಾಡಿಗೆಗೆ ಬಿಡುವ ಆಸೆಯಿತ್ತು. ಗವಸು ತೆಗೆಸಿ, ಸುತ್ತ ನಡೆದು, ತಗ್ಗಿ ಬಗ್ಗಿ ನೋಡಿದರು.

‘ಹೆಂಗೈತೋ ಒಂದ್ಸುತ್ತು ಓಡ್ಸಿ ನೋಡಾನ ಸಾಮಿ.’

‘ಓಡಿಸೋದಾ?’ ಕೊಟ್ರಪ್ಪ ಬೆಚ್ಚಿಬಿದ್ದ. ‘ಸೀರೆ ಉಟ್ಟು ನೋಡಿ ತಗೋತಾರೇನ್ರೀ ಯಾರಾದ್ರೂ? ಓಡಿಸಿದ ಮೇಲೆ ಅದು ಹಳೇದು.’

‘ಹೂಡಿ ನೋಡ್ದಲೆ ನಾನು ಎತ್ತೂ ತಗಂಡಿಲ್ಲ,’ ಎಂದರು ಬೈರಣ್ಣ. ‘ಅದಿರ್ಲಿ, ಇದರ ವಯಸ್ಸೆಷ್ಟು? ಎತ್ತಾದ್ರೆ ಹಲ್ಲು ನೋಡ್ಬೋದಿತ್ತು.’

‘ವಯಸ್ಸೆಲ್ಲಿಂದ ಬಂತು? ಇನ್ನೂ ಹುಟ್ಟೇ ಇಲ್ಲ ಅಂದ್ಕೊಳ್ಳಿ!’

ಬೈರಣ್ಣ ಹೆಗಲ ಮೇಲಿನ ಟವೆಲು ಕೊಡವಿಕೊಂಡು ಎದ್ದುಹೋದರು. ಹೀಗೇ ಇನ್ನೂ ನಾಲ್ಕಾರು ಜನ. ಎಲ್ಲರೂ ಓಡಿಸಿ ನೋಡಬೇಕು ಅನ್ನುವವರೇ, ಇವನು ಬಿಡುವುದಿಲ್ಲ ಅನ್ನುವವನೇ. ಹಠ ಎಂದರೆ ಅಂಥಿಂಥ ಹಠವಲ್ಲ. ‘ಅವರಿಗೆ ವ್ಯಾಪಾರ ಗೊತ್ತಿಲ್ಲ’ ಎಂದು ನನಗೇ ಪಾಠ ಹೇಳುತ್ತಿದ್ದ.

ಈಗ ನನ್ನ ತಾಯಿಯ ವಿಷಯ. ಅದಕ್ಕೇ ಇಷ್ಟೆಲ್ಲ ಬರೆದದ್ದು.

ನನ್ನ ತಾಯಿ ಹಾಲಮ್ಮ ಶಿರಾದಲ್ಲಿ ನನ್ನ ತಂಗಿ ಜಯಶೀಲಾಳ ಮನೆಯಲ್ಲಿದ್ದಳು. ಚಿಕ್ಕವಳಿದ್ದಾಗ ಸಿಡುಬು ಎದ್ದು ಒಂದು ಕಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಿನಲ್ಲಿ ನಮ್ಮಿಬ್ಬರನ್ನೂ ಸಾಕಿ, ಹೊಲಿಗೆ ಹಾಕಿ, ಅಕ್ಕಿಯಲ್ಲಿನ ಸಣ್ಣ ಕಲ್ಲನ್ನೂ ಬಿಡದೆ ಆರಿಸಿ ಬದುಕಿದವಳು. ಐವತ್ತೊಂಬತ್ತರ ಕಾರ್ತಿಕದಲ್ಲಿ ಒಂದು ಸೋಮವಾರ ಬೆಳಿಗ್ಗೆ ತಂಗಿಯಿಂದ ತಂತಿ ಬಂತು. ಅಮ್ಮನ ಕಣ್ಣಿನಲ್ಲಿ ತಡೆಯಲಾರದ ನೋವು, ವಾಂತಿ, ದೃಷ್ಟಿ ಮಸುಕಾಗುತ್ತಿದೆ, ಇಂದೇ ಬೆಂಗಳೂರಿನ ಕಣ್ಣಾಸ್ಪತ್ರೆಗೆ ಸೇರಿಸಬೇಕು ಎಂದು ಇಲ್ಲಿನ ಡಾಕ್ಟರು ಹೇಳಿದ್ದಾರೆ, ಗಾಡಿ ಕಳಿಸಿ. ಮನೆಯಲ್ಲಿ ಕಾರಿದೆ ಎಂದು ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು.

ತಂತಿ ಬಂದಾಗ ಪರಮಶಿವಯ್ಯ ಷೆಡ್ಡಿನಲ್ಲೇ ಇದ್ದರು. ಎಂಜಿನ್ ಚಾಲೂ ಆಗಿತ್ತು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ನಾನು ತಂತಿ ಹಿಡಿದು ಓಡಿಹೋದೆ. ಅವರು ಓದಿದವರೇ ಪಂಚೆ ಎತ್ತಿಕಟ್ಟಿದರು.

‘ಈಗಲೇ ಹೊರಟ್ರೆ ಮಧ್ಯಾಹ್ನಕ್ಕೆ ಶಿರಾ, ಸಂಜೆಗೆಲ್ಲ ಆಸ್ಪತ್ರೆ ತಾಯಿ. ಇಟ್ಟಿಗೆ ತೆಗೀತೀನಿ, ನೀವು ಒಂದು ದಿಂಬು, ಒಂದು ಚೊಂಬು ನೀರು ತನ್ನಿ.’

ದಿಂಬು ತಂದೆ. ಅಷ್ಟರಲ್ಲಿ ಎಂಜಿನ್ ಸದ್ದು ನಿಂತಿತ್ತು. ಕೊಟ್ರಪ್ಪ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡಿದ್ದ.

‘ಹೋಗಿ ಬರೋದಕ್ಕೆ ನೂರೈವತ್ತು ಮೈಲಿ ಆಗತ್ತೆ,’ ಎಂದ. ‘ಆಮೇಲೆ ಇದನ್ನ ಹೊಸದು ಅಂತ ಯಾವ ಬಾಯಲ್ಲಿ ಹೇಳ್ಲಿ? ಬೆಲೆ ಧಡಕ್ಕಂತ ಬೀಳತ್ತೆ. ಬಸ್ಸಿದೆಯಲ್ಲ.’

‘ರೀ, ಅವಳಿಗಿರೋದೇ ಒಂದು ಕಣ್ಣು!’

‘ಕಣ್ಣು ನೋವು ತಾನೇ ಕಮಲಾ. ಎದೆ ನೋವಲ್ವಲ್ಲ.’

ಇದನ್ನು ನಾನು ಸೇರಿಸಿ ಬರೆಯುತ್ತಿಲ್ಲ. ಇದೇ ಮಾತು, ಹೀಗೇ ಹೇಳಿದ. ಹಾಗಾದರೆ ಟ್ಯಾಕ್ಸಿಯನ್ನಾದರೂ ಮಾಡಿ ಎಂದು ಅವನ ಕಾಲು ಹಿಡಿದೆ. ಬೀದಿಯವರು ನೋಡುತ್ತಿದ್ದರು, ಹಿಡಿದೆ. ಅದಕ್ಕೆ ಏನು ಹೇಳಿದ ಗೊತ್ತೇ?

‘ಮನೇಲಿ ಕಾರಿಟ್ಕೊಂಡು ಟ್ಯಾಕ್ಸಿ ಮಾಡಿದ್ರೆ ಜನ ನಗಲ್ವಾ?’

ಪರಮಶಿವಯ್ಯನವರು ಕೈಯಲ್ಲಿದ್ದ ಇಟ್ಟಿಗೆಯನ್ನು ನೆಲಕ್ಕೆ ಹಾಕಿದರು. ಎಣ್ಣೆ ಒರೆಸುವ ಬಟ್ಟೆಯನ್ನು ಬಾನೆಟ್ಟಿನ ಮೇಲೆ ಎಸೆದು, ‘ಇನ್ಮೇಲೆ ಈ ಗಾಡಿಗೆ ನಾನು ಕೈ ಹಾಕಲ್ಲ. ನಿಮ್ಮ ಮನೆ ಹೊಸಲೂ ತುಳಿಯಲ್ಲ’ ಎಂದು ಹೋದರು. ಹೇಳಿದಂತೆಯೇ ನಡೆದುಕೊಂಡರು. ಅಂದಿನಿಂದ ಆ ಎಂಜಿನ್ನನ್ನು ಚಾಲೂ ಮಾಡುವವರೂ ಇಲ್ಲವಾದರು.

ಅವನು ಕೊಟ್ಟ ಬಸ್ ಚಾರ್ಜು ಹಿಡಿದು ನಾನು ಹೊರಟೆ. ಶಿರಾ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಅಮ್ಮ ಗೋಡೆಗೆ ತಲೆ ಒತ್ತಿಕೊಂಡು ಕೂತಿದ್ದಳು. ‘ಕಾರು ಬಂತೇನೇ?’ ಎಂದು ಕೇಳಿದಳು. ಮಾರನೆಯ ಬೆಳಿಗ್ಗೆ, ವಾಂತಿ ಮಾಡುತ್ತಿದ್ದ ಮುದುಕಿಯನ್ನು ಕಂಡು ಮೊದಲ ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಎರಡನೆಯದರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೂರನೆಯದು ಹತ್ತಿಸಿಕೊಂಡಿತು, ಡಾಬಸ್‌ಪೇಟೆಯ ಹತ್ತಿರ ಕೆಟ್ಟು ನಿಂತಿತು. ಅಲ್ಲಿ ಒಂದು ಹೋಟೆಲಿನ ಜಗಲಿಯ ಮೇಲೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದೆ. ಆಸ್ಪತ್ರೆ ಸೇರಿದ್ದು ಬುಧವಾರ. ಡಾಕ್ಟರು ಟಾರ್ಚು ಹಾಕಿ ನೋಡಿದರು, ಆರಿಸಿದರು, ‘ಸೋಮವಾರ ಸಂಜೆಯೇ ಕರ್ಕೊಂಡು ಬಂದಿದ್ರೆ ಉಳಿಸಬಹುದಿತ್ತಲ್ಲಮ್ಮ’ ಎಂದರು.

ಕೊಟ್ರಪ್ಪ ಮಾರನೆಯ ದಿನ ಕಿತ್ತಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ. ಹಾಸಿಗೆಯ ಪಕ್ಕ ಕೂತು ಅಮ್ಮನ ಕೈ ಹಿಡಿದುಕೊಂಡ.

‘ಏನು ಮಾಡ್ಲಿ ಅತ್ತೆ, ಹಾಳಾದ್ದು ಅವತ್ತೇ ಕಾರು ಕೆಟ್ಟು ನಿಂತಿತ್ತು. ಎಷ್ಟು ಒದ್ದಾಡಿದ್ರೂ ಚಾಲೂ ಆಗ್ಲಿಲ್ಲ.’

‘ಅಯ್ಯೋ ಬಿಡಪ್ಪ, ನೀನೇನು ಮಾಡ್ತೀಯ. ನನ್ನ ಹಣೇಬರಹ,’ ಎಂದು ಅಮ್ಮ ಅವನ ಕೈ ಸವರಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ, ಮುಚ್ಚಿದೆ. ಕಣ್ಣು ಹೋದವಳಿಗೆ, ಅಳಿಯನೂ ಹೋದ ಎಂದು ಆ ಹೊತ್ತಿನಲ್ಲಿ ಹೇಗೆ ಹೇಳಲಿ? ಅವಳ ಪಾಲಿಗೆ ಅದೊಂದಾದರೂ ಉಳಿಯಲಿ ಎಂದು ಹಲ್ಲು ಕಚ್ಚಿ ಸುಮ್ಮನಾದೆ. ಅವನ ಮುಖದಲ್ಲಿ ಸಮಾಧಾನ ಹರಡಿದ್ದನ್ನು ನಾನು ನೋಡಿದೆ.

ಅಮ್ಮ ನಮ್ಮ ಮನೆಗೇ ಬಂದು ಉಳಿದಳು. ಕತ್ತಲಿಗೆ ಬೇಗ ಹೊಂದಿಕೊಂಡಳು, ನನಗಿಂತ ಬೇಗ. ಬೆಳಿಗ್ಗೆ ಎದ್ದು ಮಿಂದು ಲಿಂಗಪೂಜೆ ಮುಗಿಸಿ, ಪೂಜೆಯ ಮಣೆಯ ಮೇಲೆ ಕೂತೇ ಮನೆಯವರನ್ನೆಲ್ಲ ಕರೆಯುವಳು. ಒಬ್ಬೊಬ್ಬರೇ ಮುಂದೆ ಕೂತು ತಲೆ ಬಾಗಿಸಬೇಕು. ಅವಳು ಮುಖ ತಡವಿ ಗುರುತು ಹಿಡಿದು, ಹೆಸರು ಕರೆದು, ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುವಳು. ‘ಇದು ನನ್ನ ಉಮಾ. ಇದು ಕಮಲಿ, ಹಣೆ ಯಾಕೆ ಇಷ್ಟು ಸುಕ್ಕು ಮಾಡ್ಕೊಂಡಿದೀಯೇ?’ ಕೊಟ್ರಪ್ಪನದು ಕೊನೆಯ ಸರದಿ. ಅವಳ ಬೆರಳು ಎಡ ಹುಬ್ಬಿನ ಮೇಲಿನ ತಗ್ಗಿಗೆ ಬಿದ್ದ ತಕ್ಷಣ ಮುಖ ಅರಳುತ್ತಿತ್ತು. ‘ಇದು ನನ್ನ ಅಳಿಯ ದೇವರು. ನೂರು ಕಾಲ ಬಾಳಪ್ಪ’ ಎಂದು ಅವನಿಗೆ ಮಾತ್ರ ಎರಡು ಸಲ ಎಳೆಯುವಳು. ಅವನು ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಳ್ಳುತ್ತಿದ್ದ. ಅಂಗಡಿಗೆ ಹೋದ ಮೇಲೆ, ‘ನಮ್ಮತ್ತೆ ಕೈಯ ವಿಭೂತಿ, ವ್ಯಾಪಾರ ಕೈ ಹತ್ತತ್ತೆ’ ಎಂದು ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದನಂತೆ. ನಾಚಿಕೆ ಎನ್ನುವುದು ಅವನ ಅಂಗಡಿಯಲ್ಲಿ ಇಲ್ಲದ ಒಂದೇ ಮಾಲು.

ಒಂದು ಮಧ್ಯಾಹ್ನ ಅಮ್ಮ ಗೋಡೆ ಹಿಡಿದುಕೊಂಡು ಷೆಡ್ಡಿನ ತನಕ ಹೋದಳು. ಗವಸಿನ ಕೆಳಗೆ ಕೈ ತೂರಿಸಿ ಕಾರಿನ ಮೈ ಸವರಿದಳು. ‘ಎಷ್ಟು ನುಣುಪಾಗಿದೆಯಪ್ಪ! ರಿಪೇರಿ ಆಯ್ತಾ ಇದು?’ ಎಂದು ಕೇಳಿದಳು. ‘ಆಯ್ತು ಅತ್ತೆ’ ಎಂದ ಕೊಟ್ರಪ್ಪ. ‘ಹಾಗಾದ್ರೆ ಒಂದಿನ ಬನಶಂಕರಿಗೆ ಕರ್ಕೊಂಡು ಹೋಗು. ಕಾಣದಿದ್ರೂ ಗಂಟೆ ಶಬ್ದ ಕೇಳಿ ಬರ್ತೀನಿ.’ ಅವನು ಹೂಂ ಎಂದ. ಮುಂದಿನ ಶುಕ್ರವಾರ ಅವಳನ್ನು ಜಟಕಾಗಾಡಿಯಲ್ಲಿ ಕೂರಿಸಿಕೊಂಡು ಹೋದೆವು. ಕಾರಿಗೆ ಪೆಟ್ರೋಲು ಸಿಗಲಿಲ್ಲ ಎಂದು ಅವಳಿಗೆ ಹೇಳಿದ. ಕುದುರೆಯ ಲಾಳದ ಸದ್ದು ಕೇಳುತ್ತಾ ಅವಳು ಕೂತಿದ್ದಳು. ನಾನು ದಾರಿಯುದ್ದಕ್ಕೂ ಅವನ ಮುಖ ನೋಡಲಿಲ್ಲ.

ಅರವತ್ತೆರಡು ಬಂತು. ಅಂಬಾಸಿಡರಿಗೇ ಹೊಸ ಮಾದರಿ ಬಂದುಬಿಟ್ಟಿತು. ಆಗ ನಮ್ಮ ವ್ಯಾಪಾರಿಗೆ ನಿದ್ದೆ ಕೆಟ್ಟಿತು. ಕನಕಪುರ ರಸ್ತೆಯಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ಗುಂಡಣ್ಣ ಎಂಬವನಿದ್ದ, ದೊಡ್ಡ ಹೊಟ್ಟೆ, ದೊಡ್ಡ ಗಂಟಲು. ಅವನನ್ನು ಕರೆಸಿದ. ಅಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಹತ್ತಿಯಿಂದ ಹೂಬತ್ತಿ ಹೊಸೆಯುತ್ತಿದ್ದಳು. ಷೆಡ್ಡು ಅಲ್ಲಿಂದ ಹತ್ತು ಹೆಜ್ಜೆಯೂ ಇಲ್ಲ.

ಗವಸು ತೆಗೆದ ಕೂಡಲೇ ಗುಂಡಣ್ಣ ಮೂಗು ಮುಚ್ಚಿಕೊಂಡ. ‘ಇದೇನ್ ಸಾರ್, ಕಾರೋ ಬೀರುವೋ?’ ಬಾಗಿಲು ತೆಗೆದರೆ ಇಲಿಗಳು ಸೀಟು ಬಗೆದು ಮರಿ ಹಾಕಿದ್ದವು. ನುಸಿಗುಳಿಗೆಗೆ ನುಸಿ ಹೆದರುತ್ತದೆ, ಇಲಿಗೇನು? ಟೈರುಗಳ ಮೈಯೆಲ್ಲ ಬಿರುಕು. ಗುಂಡಣ್ಣ ಬಾನೆಟ್ಟು ಎತ್ತಿ, ಒಳಗಿನ ತಗಡಿನ ಫಲಕವನ್ನು ಹೆಬ್ಬೆರಳಿನಿಂದ ಒರೆಸಿ ಓದಿದ.

‘ಐವತ್ತಾರರ ಗಾಡಿ.’

‘ತಯಾರಾಗಿದ್ದು ಐವತ್ತಾರು. ನಾನು ತಗೊಂಡಿದ್ದು ಐವತ್ತೆಂಟು. ಓಡಿರೋದು ನೋಡಿ, ಮೀಟರ್ ನೋಡಿ ಗುಂಡಣ್ಣ! ಬರೀ ಒಂಬತ್ತು ಮೈಲಿ!’

‘ಮೀಟರ್ ಕಟ್ಕೊಂಡು ನಾನೇನ್ ಮಾಡ್ಲಿ ಸಾರ್? ಗಾಡಿ ಬೆಲೆ ನಿಲ್ಲೋದು ಇಸವಿ ಮೇಲೆ. ನೀವು ಮನೆಗೆ ತಂದ ದಿನಾನೇ ಇದಕ್ಕೆ ಎರಡು ವರ್ಷ ಆಗಿತ್ತು, ಅದಕ್ಕೇ ಅವನು ಕಮ್ಮಿಗೆ ಕೊಟ್ಟ. ನೀವು ಓಡಿಸಿದ್ರೂ ಇಸವಿ ಓಡತ್ತೆ, ನಿಲ್ಲಿಸಿದ್ರೂ ಓಡತ್ತೆ.’ ಅವನು ಬಾನೆಟ್ಟು ಇಳಿಸಿದ. ‘ನಿಜ ಹೇಳ್ಲಾ? ದಿನಾ ಓಡಿಸಿದ್ರೆ ಒಂದಿಷ್ಟು ಜಾಸ್ತಿನೇ ಕೊಡ್ತಿದ್ದೆ. ನಿಲ್ಲಿಸಿ ನಿಲ್ಲಿಸಿ ರಬ್ಬರೆಲ್ಲ ಸತ್ತೋಗಿದೆ, ಎಂಜಿನ್ ಹಿಡ್ಕೊಂಡಿದೆ. ಈಗ ಗುಜರಿ ರೇಟು.’

ಕೊಟ್ರಪ್ಪನ ಮುಖ ಬಿಳುಚಿತು. ಗಿರಾಕಿ ಕೈ ತಪ್ಪುವಾಗ ಅವನ ಗಂಟಲು ಏರುತ್ತಿತ್ತು, ಆಗಲೂ ಏರಿತು.

‘ಗುಜರಿನಾ? ಏನ್ರೀ ಮಾತಾಡ್ತೀರಿ! ಒಂದು ಸ್ಪ್ಯಾನರ್ ತಾಗಿಲ್ಲ ಇದಕ್ಕೆ! ಗ್ಯಾರೇಜಿನ ಮುಖ ನೋಡಿಲ್ಲ! ತಂದಾಗಿನಿಂದ ಒಂದೇ ಒಂದು ದಿನ ಕೆಟ್ಟು ನಿಂತಿಲ್ಲ, ಬೇಕಾದ್ರೆ ದೇವರಾಣೆ!’

ಜಗಲಿಯ ಮೇಲೆ ಹತ್ತಿ ಹೊಸೆಯುತ್ತಿದ್ದ ಕೈ ನಿಂತಿತು.

ಅಮ್ಮನ ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು. ಆಮೇಲೆ ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು.

‘ಯಜಮಾನ್ರೇ, ಗಾಡಿ ತಗೊಳೋಕೆ ಬಂದೋರೇ. ಒಂದು ಮಾತು ಕೇಳ್ತೀನಿ.’

‘ಕೇಳಿ ತಾಯಿ.’

‘ಮೂರು ವರ್ಷದ ಹಿಂದೆ ಇದು ಒಂದ್ಸಲ ಶಿರಾಕ್ಕೆ ಹೋಗಿ ಬಂದಿದ್ರೆ, ಇದರ ಬೆಲೆ ಎಷ್ಟು ಇಳೀತಿತ್ತು?’

ಗುಂಡಣ್ಣ ನಕ್ಕ. ಪಾಪ, ಅವನಿಗೇನು ಗೊತ್ತು. ‘ಶಿರಾ ಏನ್ ತಾಯಿ, ಬೊಂಬಾಯಿಗೆ ಹೋಗಿ ಬಂದಿದ್ರೂ ಬಿಡಿಗಾಸು ಇಳೀತಿರ್ಲಿಲ್ಲ!’

‘ಹೂಂ,’ ಎಂದಳು ಅಮ್ಮ. ಮತ್ತೆ ಹತ್ತಿ ಹುಡುಕಿ ಕೈಗೆ ತೆಗೆದುಕೊಂಡಳು.

ಕೊಟ್ರಪ್ಪ ನನ್ನ ಕಡೆ ನೋಡಿದ. ನಾನು ಏನಾದರೂ ಹೇಳಿ ಮುಚ್ಚಿಹಾಕುತ್ತೇನೆ ಎಂದುಕೊಂಡಿರಬೇಕು. ಆಸ್ಪತ್ರೆಯಲ್ಲಿ ಮುಚ್ಚಿದ ಬಾಯಿ ಅಲ್ಲವೇ ನನ್ನದು?

‘ನನ್ನ ಮುಖ ಏನ್ ನೋಡ್ತೀರಿ?’ ಎಂದೆ. ‘ಕೇಳಿದ್ದು ಅವಳು. ಅವಳಿಗೆ ಹೇಳಿ, ಏನು ಹೇಳೋದಿದ್ರೂ.’

ಅವನು ಗುಂಡಣ್ಣನ ಕಡೆ ತಿರುಗಿದ. ಗುಂಡಣ್ಣ ಹೇಳಿದ ಗುಜರಿ ಬೆಲೆಗೆ ಚೌಕಾಸಿಯನ್ನೂ ಮಾಡದೆ ತಲೆಯಾಡಿಸಿದ. ಆ ಮನುಷ್ಯ ಚೌಕಾಸಿ ಮಾಡದೆ ಏನನ್ನಾದರೂ ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಾರು ಚಾಲೂ ಆಗುವ ಹಾಗಿರಲಿಲ್ಲ. ಎಳೆಸಿಕೊಂಡು ಹೋಗಲು ಗುಂಡಣ್ಣ ಸಂಜೆಗೆ ಒಂದು ಜೋಡಿ ಎತ್ತು ಗೊತ್ತುಮಾಡಿದ. ನೋಡಿದರೆ ಎತ್ತು ಹೊಡೆದುಕೊಂಡು ಬಂದವರು ಯಡಿಯೂರಿನ ಬೈರಣ್ಣ! ಬಂಪರಿಗೆ ಹಗ್ಗ ಕಟ್ಟಿ, ನೊಗ ಹೂಡಿ, ‘ಅಂತೂ ಹೂಡಿ ನೋಡ್ದಂಗಾಯ್ತು ಬಿಡಿ ಸಾಮಿ’ ಎಂದರು. ಬೀದಿಯ ಮಕ್ಕಳೆಲ್ಲ ಹೋ ಎಂದು ಹಿಂದೆ ಓಡಿದರು, ನನ್ನ ಉಮಾ ಎಲ್ಲರಿಗಿಂತ ಮುಂದೆ. ಪರಮಶಿವಯ್ಯನವರು ಅವರ ಮನೆಯ ಗೇಟಿನ ಹತ್ತಿರ ಕೈಕಟ್ಟಿ ನಿಂತು ನೋಡಿದರು. ನಾನೂ ನೋಡಿದೆ. ಹೊಟ್ಟೆ ತಣ್ಣಗಾಯಿತು ಎಂದು ಬರೆಯಬೇಕೆನಿಸುತ್ತದೆ, ಆದರೆ ಆಗಲಿಲ್ಲ. ಅಮ್ಮ ಜಗಲಿಯಿಂದ ಏಳದೆ, ಗಾಲಿಯ ಸದ್ದು ತಿರುವಿನಲ್ಲಿ ನಿಲ್ಲುವ ತನಕ ಕಿವಿಗೊಟ್ಟು ಕೂತಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. ರಾತ್ರಿ ಊಟ ಎಂದಿನಂತೆ ಮಾಡಿದಳು.

ಬೆಳಿಗ್ಗೆ ಎಂದಿನಂತೆ ಮಿಂದಳು, ಪೂಜೆ ಮುಗಿಸಿದಳು, ಎಲ್ಲರನ್ನೂ ಕರೆದಳು. ಉಮಾ ಕೂತಳು. ‘ಇದು ನನ್ನ ಉಮಾ,’ ಎಂದು ವಿಭೂತಿ ಎಳೆದಳು. ನಾನು ಕೂತೆ. ನನ್ನ ಹಣೆಯ ಮೇಲೆ ಅವಳ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ‘ಮೂರು ವರ್ಷ ಹೊಟ್ಟೇಲಿಟ್ಕೊಂಡಿದ್ಯಲ್ಲೇ ಕಮಲಿ,’ ಎಂದಷ್ಟೇ ಹೇಳಿದಳು. ನನಗೆ ಕಣ್ಣು ತುಂಬಿ ಏನೂ ಕಾಣಿಸದಾಯಿತು. ಎದ್ದು ಪಕ್ಕಕ್ಕೆ ನಿಂತೆ.

ಕೊಟ್ರಪ್ಪ ಬಂದು ಕೂತ. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದ. ಎಂದಿಗಿಂತ ಹೆಚ್ಚು ತಗ್ಗಿಸಿದ್ದ ತಲೆಯನ್ನು. ಅಮ್ಮ ವಿಭೂತಿಯಲ್ಲಿ ಬೆರಳು ಅದ್ದಿ ಕೈ ಚಾಚಿದಳು. ಬೆರಳ ತುದಿ ಹುಬ್ಬಿನ ಮೇಲೆ ಹರಿದು ಬಂದು ತಗ್ಗಿಗೆ ಬಿತ್ತು. ಅಲ್ಲಿ ನಿಂತಿತು. ಯಾರ ಹಣೆ ಎಂದು ಅವಳಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಬೆರಳಿಗಂಟಿದ್ದ ವಿಭೂತಿಯನ್ನು ಡಬ್ಬಿಯೊಳಗೇ ಕೊಡವಿದಳು.

‘ಇನ್ನು ಯಾರಿದಾರಮ್ಮ ಹಚ್ಚಿಸಿಕೊಳ್ಳೋರು?’ ಎಂದು ನನ್ನನ್ನು ಕೇಳಿದಳು.

ಅವನು ಅಲ್ಲೇ, ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ತಲೆ ಬಾಗಿಸಿಕೊಂಡು ಕೂತಿದ್ದ.

‘ಯಾರೂ ಇಲ್ಲಮ್ಮ,’ ಎಂದೆ.

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

ಸಂಘದವರು ಒಳ್ಳೆಯ ಮಾತು ಕೇಳಿದ್ದಾರಲ್ಲ, ಬರೆಯುತ್ತಾ ಬರೆಯುತ್ತಾ ಒಂದು ಸಿಕ್ಕಿತು. ಮಾರನೆಯ ದಿನವೂ ಅವನು ಬಂದು ಕೂತ. ಅದರ ಮಾರನೆಯ ದಿನವೂ. ಅಮ್ಮ ಬದುಕಿರುವ ತನಕ, ಬರಿಯ ಹಣೆಯಲ್ಲೇ ಎದ್ದು ಹೋಗಬೇಕೆಂದು ಗೊತ್ತಿದ್ದೂ, ಒಂದು ಬೆಳಗೂ ತಪ್ಪಿಸಲಿಲ್ಲ. ಅವಳೂ ಒಂದು ಬೆಳಗೂ ಕೇಳುವುದನ್ನು ತಪ್ಪಿಸಲಿಲ್ಲ. ಯಾರೂ ಇಲ್ಲಮ್ಮ ಎಂದು ಪ್ರತಿ ಸಲವೂ ಹೇಳುತ್ತಿದ್ದವಳು ನಾನು. ಬೇಕಿದ್ದರೆ ಅದನ್ನೂ ಹಾಕಿಕೊಳ್ಳಲಿ.